ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್

ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ (ಏಪ್ರಿಲ್ 30, 1651 – ಏಪ್ರಿಲ್ 7, 1719) ಫ್ರಾನ್ಸ್ ದೇಶದ ಕಥೋಲಿಕ ಯಾಜಕರು ಮತ್ತು ಶಿಕ್ಷಣ ಸುಧಾರಕರು. ಬಡಮಕ್ಕಳ ಶಾಲೆಗಳಿಗಾಗಿ 'ಕ್ರೈಸ್ತ ಶಾಲೆಗಳ ಸೋದರರು' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಪ್ರಾಥಮಿಕ ಶಾಲೆಯಲ್ಲಿ ಓದುಬರಹ, ಲೆಕ್ಕ ಮತ್ತು ಧರ್ಮೋಪದೇಶಗಳನ್ನು ಒಂದೇ ದಿನಚರಿಯಲ್ಲಿ ಹೊಂದಿಸಿ, ಅದಕ್ಕೆ ತಕ್ಕ ಶಿಕ್ಷಕರನ್ನು ತರಬೇತುಗೊಳಿಸಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಲಾ ಸಾಲ್ ಅವರು ರೀಮ್ಸ್ ನಗರದ ಶ್ರೀಮಂತ ಮನೆತನದಲ್ಲಿ ಹಿರಿಯ ಮಗನಾಗಿ ಜನಿಸಿದರು. ತಂದೆ ಲೂಯಿ ನ್ಯಾಯಾಧಿಕಾರಿ. ತಾಯಿ ನಿಕೋಲ್ ಮೊಎ. ಹದಿನೈದನೆಯ ವಯಸ್ಸಿನಲ್ಲಿಯೇ ರೀಮ್ಸ್ ಪ್ರಧಾನಾಲಯದ ಕ್ಯಾನನ್ ಪದವಿ ಇವರಿಗೆ ದೊರೆಯಿತು. ಅದು ಗೌರವವೂ ಆದಾಯವೂ ಉಳ್ಳ ಸ್ಥಾನ. 1670ರಲ್ಲಿ ಪ್ಯಾರಿಸ್ಸಿನ ಸಂತ ಸುಲ್ಪೀಸ್ ಗುರುಮಠವನ್ನು ಸೇರಿದರು. ಆದರೆ 1671ರಲ್ಲಿ ತಾಯಿಯೂ ಮರುವರ್ಷ ತಂದೆಯೂ ತೀರಿಕೊಂಡರು. ತಮ್ಮತಂಗಿಯರ ಹೊಣೆ ಇವರ ಹೆಗಲಿಗೆ ಬಿದ್ದು, ಮನೆಗೆ ಮರಳಬೇಕಾಯಿತು. 1678ರಲ್ಲಿ ಯಾಜಕದೀಕ್ಷೆ, 1680ರಲ್ಲಿ ದೈವಶಾಸ್ತ್ರದ ಡಾಕ್ಟರೇಟ್ ಪಡೆದರು.

ಶಾಲೆಗಳತ್ತ

ಶಾಲೆ ನಡೆಸುವುದು ಇವರು ಬಯಸಿ ಬಂದ ದಾರಿಯಲ್ಲ. 1679ರಲ್ಲಿ ಆದ್ರಿಯಾನ್ ನ್ಯೆಲ್ ಎಂಬವರು ಬಡ ಹುಡುಗರಿಗೆ ಉಚಿತ ಶಾಲೆ ತೆರೆಯಲೆಂದು ರೀಮ್ಸ್‌ಗೆ ಬಂದಾಗ, ಲಾ ಸಾಲ್ ಸಲಹೆ ನೀಡಲು ಮುಂದಾದರು, ಅಷ್ಟೇ. ನ್ಯೆಲ್ ಒಂದರ ಹಿಂದೊಂದು ಶಾಲೆ ತೆರೆಯುತ್ತ ಹೋದರು. ಅಲ್ಲಿನ ಶಿಕ್ಷಕರಿಗೆ ಸರಿಯಾದ ತರಬೇತಿಯಾಗಲಿ ಮೇಲ್ವಿಚಾರಣೆಯಾಗಲಿ ಇರಲಿಲ್ಲ. ಶಿಕ್ಷಕ ನೆಟ್ಟಗಿಲ್ಲದೆ ಶಾಲೆ ನಿಲ್ಲದೆಂದು ಕಂಡುಕೊಂಡ ಲಾ ಸಾಲ್, 1681ರಲ್ಲಿ ಅವರನ್ನು ತಮ್ಮ ಮನೆಗೇ ಕರೆತಂದರು. ಅಕ್ಷರ ಕಲಿಸಿ ಹೊಟ್ಟೆ ಹೊರೆಯುವವರು ಅಂದಿನ ಸಮಾಜದಲ್ಲಿ ಕೆಳಸ್ತರದವರು. ಬಂಧುಗಳು ಸಿಡಿಮಿಡಿಗೊಂಡು, ತಮ್ಮಂದಿರನ್ನು ಆ ಮನೆಯಿಂದ ಕರೆದೊಯ್ದರು.

ಭಗವಂತನ ಮೇಲೆ ಭಾರ ಹಾಕಿ ನಾಳಿನ ಚಿಂತೆ ಬಿಡಿ ಎಂದು ಲಾ ಸಾಲ್ ಬೋಧಿಸಿದಾಗ, ಆಸ್ತಿ, ಪದವಿಗಳುಳ್ಳ ತಮಗೆ ಅದು ಸುಲಭ, ಶಾಲೆ ಮುಚ್ಚಿದರೆ ನಮ್ಮ ಗತಿಯೇನು ಎಂದು ಶಿಕ್ಷಕರು ಮರುಪ್ರಶ್ನೆ ಹಾಕಿದರು. ಮಾತು ನಾಟಿತು. 1683ರಲ್ಲಿ ಕ್ಯಾನನ್ ಪದವಿಯನ್ನು ತಮ್ಮನಿಗೆ ಕೊಡದೆ ಒಬ್ಬ ಬಡ ಯಾಜಕರಿಗೆ ಬಿಟ್ಟುಕೊಟ್ಟರು. ಮರುವರ್ಷದ ಚಳಿಗಾಲದ ಬರಗಾಲದಲ್ಲಿ ತಮ್ಮ ಸಂಪತ್ತನ್ನು ರೊಟ್ಟಿಯ ರೂಪದಲ್ಲಿ ಹಸಿದವರಿಗೆ ಹಂಚಿದರು. ಆ ಹಣವನ್ನು ಶಾಲೆಗಳಿಗೇ ಇಡಬಹುದಿತ್ತೆಂಬ ವಾದ ಅಂದೂ ಇತ್ತು. ಆದರೆ ಶಿಕ್ಷಕರ ಪ್ರಶ್ನೆಗೆ ಬೇರೆ ಉತ್ತರ ಅವರಲ್ಲಿ ಇರಲಿಲ್ಲವೆಂದೇ ಹೇಳಬೇಕು.

ಶಾಲಾ ಕ್ರಮ ಮತ್ತು ಧರ್ಮೋಪದೇಶ

ಅಂದು ಮಕ್ಕಳಿಗೆ ಮೊದಲು ಲ್ಯಾಟಿನ್ ಓದಲು ಕಲಿಸುವುದು ರೂಢಿ. ಲಾ ಸಾಲ್ ಅದನ್ನು ತಿರುಗಿಸಿ ಫ್ರೆಂಚನ್ನು ಮೊದಲಿಟ್ಟರು. ಬಡವರ ಮಕ್ಕಳು ಬೇಗನೆ ದುಡಿಮೆಗೆ ಹೋಗುತ್ತಾರೆ; ಲ್ಯಾಟಿನ್ನಿನಿಂದ ಆರಂಭಿಸಿದರೆ ಯಾವ ಭಾಷೆಯನ್ನೂ ಓದಲಾರದೆ ಶಾಲೆ ಬಿಡುತ್ತಾರೆ ಎಂಬುದು ಅವರ ಲೆಕ್ಕಾಚಾರ. ತಾಯ್ನುಡಿಯ ಮಾಧ್ಯಮದ ಚರ್ಚೆ ಕೇಳುತ್ತಲೇ ಬೆಳೆದ ನಮಗೆ ಇದು ಹೊಸದೆನಿಸದು. 17ನೆಯ ಶತಮಾನಕ್ಕೆ ದೊಡ್ಡ ಹೆಜ್ಜೆ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಪಾಠ ಹೇಳುವ ಬದಲು, ಮಟ್ಟಕ್ಕನುಗುಣವಾಗಿ ವಿಂಗಡಿಸಿ ಒಟ್ಟಿಗೆ ಕಲಿಸುವ ಪದ್ಧತಿಯನ್ನು ವ್ಯಾಪಕವಾಗಿ ಜಾರಿಗೆ ತಂದರು.

ಪ್ರತಿದಿನ ಮಧ್ಯಾಹ್ನದ ತರಗತಿಗಳ ಕೊನೆಗೆ ಅರ್ಧ ಗಂಟೆ, ಭಾನುವಾರ ಒಂದೂವರೆ ಗಂಟೆ ಧರ್ಮೋಪದೇಶ ನಡೆಯುತ್ತಿತ್ತು. ಶಿಕ್ಷಕನು ಪ್ರವಚನ ಮಾಡುವಂತಿರಲಿಲ್ಲ. ಚಿಕ್ಕ ಚಿಕ್ಕ ಪ್ರಶ್ನೆ ಕೇಳಬೇಕು, ಉತ್ತರವನ್ನು ಮಗುವಿನಿಂದಲೇ ಹೊರಡಿಸಬೇಕು, ಮಂದಮತಿಗಳಿಗೆ ಸುಲಭದ ಪ್ರಶ್ನೆಯನ್ನು ಬೇಸರಿಸದೆ ಮತ್ತೆ ಮತ್ತೆ ಕೇಳಬೇಕು. ತಿಂಡಿಯ ಹೊತ್ತೂ ಪಾಠವೇ. ಮಕ್ಕಳು ಶಾಲೆಯಲ್ಲಿಯೇ ಸಭ್ಯವಾಗಿ ಉಣ್ಣುವುದನ್ನು ಕಲಿಯುತ್ತಿದ್ದರು. ಮಿಕ್ಕ ರೊಟ್ಟಿ ಏನೂ ತಾರದ ಮಕ್ಕಳಿಗೆ ಹೋಗುತ್ತಿತ್ತು. ಬೆತ್ತವನ್ನು ಪೂರ್ತಿ ನಿಷೇಧಿಸಲಿಲ್ಲ, ಆದರೆ ಅದರ ಬಳಕೆಗೆ ಬಿಗಿಯಾದ ಮಿತಿ ಹಾಕಿದರು. 1703ರಲ್ಲಿ ಪ್ರಕಟವಾದ 'ಕ್ರೈಸ್ತನ ಕರ್ತವ್ಯಗಳು' ಎಂಬ ಅವರ ಕೃತಿ ಧರ್ಮೋಪದೇಶಕ್ಕೆ ಆಧಾರವಾಯಿತು. 'ಶಾಲೆಗಳ ನಿರ್ವಹಣೆ' ಅವರ ಮರಣಾನಂತರ 1720ರಲ್ಲಿ ಅಚ್ಚಾಯಿತು.

ಈ ಶಾಲೆಗಳ ಕಾಲವು ಪ್ರಾಟೆಸ್ಟೆಂಟರಿಗೆ ಕಷ್ಟದ ಕಾಲವೂ ಆಗಿತ್ತೆಂಬುದನ್ನು ಮರೆಯಬಾರದು. 1685ರಲ್ಲಿ 14ನೇ ಲೂಯಿ ಅವರ ಧಾರ್ಮಿಕ ಹಕ್ಕುಗಳನ್ನು ಕಿತ್ತುಕೊಂಡನು. ಅವರ ಮಕ್ಕಳು ಕಥೋಲಿಕ ಶಾಲೆಗೆ ಹೋಗಬೇಕೆಂದು 1698ರಲ್ಲಿ ಆಜ್ಞೆಯಾಯಿತು. ದಕ್ಷಿಣದ ಸೆವೆನ್ ಪ್ರದೇಶಕ್ಕೆ ಸೋದರರು ಹೋದದ್ದು ಇದೇ ಹಿನ್ನೆಲೆಯಲ್ಲಿ.

ವಿರೋಧ ಮತ್ತು ಅಜ್ಞಾತವಾಸ

ಪ್ಯಾರಿಸ್ಸಿನಲ್ಲಿ ಶುಲ್ಕ ಪಡೆದು ಬರವಣಿಗೆ ಕಲಿಸುತ್ತಿದ್ದ ಉಪಾಧ್ಯಾಯರ ಸಂಘವು ಉಚಿತ ಶಾಲೆಗಳ ವಿರುದ್ಧ ದಾವೆ ಹೂಡಿ ಗೆದ್ದಿತು. ಗ್ರಾಮೀಣ ಶಿಕ್ಷಕರ ತರಬೇತಿ ಕೇಂದ್ರಕ್ಕೆ ಹಣ ನೀಡಿದ್ದ ಯುವ ಯಾಜಕನೊಬ್ಬನ ಮನೆಯವರು ಹೂಡಿದ ಮೊಕದ್ದಮೆಯಲ್ಲಿಯೂ 1712ರಲ್ಲಿ ತೀರ್ಪು ಲಾ ಸಾಲ್ ವಿರುದ್ಧವಾಯಿತು. ಅವರು ದಕ್ಷಿಣಕ್ಕೆ ಹೊರಟುಹೋದರು. ತಮ್ಮಿಂದಲೇ ಸಂಸ್ಥೆಗೆ ಕೇಡೆಂಬ ಸಂಶಯ ಅವರನ್ನು ಕಾಡಿತ್ತು. 1714ರ ಏಪ್ರಿಲ್ 1ರಂದು ಪ್ಯಾರಿಸ್ಸಿನ ಸೋದರರು, ಅವರೇ ತೊಟ್ಟಿದ್ದ ವಿಧೇಯತೆಯ ವ್ರತವನ್ನು ನೆನಪಿಸಿ, ಹಿಂದಿರುಗಬೇಕೆಂದು ಆಜ್ಞಾಪಿಸಿ ಪತ್ರ ಬರೆದರು. ಸ್ಥಾಪಕರು ಶಿಷ್ಯರ ಆಜ್ಞೆಗೆ ತಲೆಬಾಗಿ ಮರಳಿದರು.

ನಿಧನ ಮತ್ತು ಗೌರವಗಳು

1717ರಲ್ಲಿ ಸೋದರ ಬಾರ್ತೆಲೆಮಿ ಮುಖ್ಯಸ್ಥರಾಗಿ ಆಯ್ಕೆಯಾದರು. ಲಾ ಸಾಲ್ ರುಆನ್ ನಗರದ ಸಂತ ಯೋನ್ ಆಶ್ರಮದಲ್ಲಿ ಉಳಿದರು. ಸಾವಿಗೆ ಕೆಲವೇ ದಿನ ಮೊದಲು ಅಲ್ಲಿನ ಧರ್ಮಪ್ರಾಂತ್ಯವು ಅವರ ಯಾಜಕಾಧಿಕಾರಗಳನ್ನು ಹಿಂತೆಗೆದುಕೊಂಡಿತ್ತು. 1719ರ ಏಪ್ರಿಲ್ 7, ಶುಭ ಶುಕ್ರವಾರದಂದು ನಿಧನರಾದರು. 1725ರಲ್ಲಿ ಸಂಸ್ಥೆಗೆ ಪೋಪರ ಮಾನ್ಯತೆ ದೊರೆಯಿತು. 1900ರಲ್ಲಿ ಪೋಪ್ 13ನೇ ಲಿಯೋ ಇವರನ್ನು ಸಂತರೆಂದು ಘೋಷಿಸಿದರು. 1950ರ ಮೇ 15ರಂದು ಪೋಪ್ 12ನೇ ಪಯಸ್ ಶಿಕ್ಷಕರ ಪಾಲಕ ಸಂತರೆಂದು ಸಾರಿದರು. ಇವರ ಹಬ್ಬವನ್ನು ಏಪ್ರಿಲ್ 7ರಂದು ಆಚರಿಸಲಾಗುತ್ತದೆ.