ಮೂರನೇ ಇಯತ್ತೆ ಕಲಿಸಿ ರಾಜ್ಯ ಒಪ್ಪಿಸಬಯಸಿದ ಅರಸ

ಉದಗಾಂವದವರಿಗೆ ಸಂತಿ, ಪ್ಯಾಟಿ, ಕಾಲೇಜು ಎಲ್ಲವೂ ಪಕ್ಕದ ಜಯಸಿಂಗಪುರವೇ. ನೇರ ರಸ್ತೆಗಳು, ಚೌಕಾಕಾರದ ಓಣಿಗಳಿರುವ ಆ ಊರು ತಾನಾಗಿ ಬೆಳೆದದ್ದಲ್ಲ. 1917ರ ಸುಮಾರಿಗೆ ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು ತಮ್ಮ ತಂದೆ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ ಕಟ್ಟಿಸಿದ ಪೇಟೆ ಅದು. ಕೊಲ್ಹಾಪುರದ ಶಾಹುಪುರಿಯ ಬೆಲ್ಲದ ಪೇಟೆಯೂ ಅವರದೇ. ಅಡತಿ ಅಂಗಡಿಯವರಿಗೆ ಇದು ಗೊತ್ತಿರುವ ಮಾತು. ಆದರೆ ಪ್ಯಾಟಿ ಕಟ್ಟಿದ ವರ್ಷದಲ್ಲೇ ಅವರು ಹಿಡಿದ ಇನ್ನೊಂದು ಕೆಲಸ ಹೆಚ್ಚು ದೊಡ್ಡದು.

ಶಾಹೂ ಹುಟ್ಟಿದ್ದು 1874ರ ಜೂನ್ 26ರಂದು, ಕಾಗಲ್‌ನ ಘಾಟಗೆ ಮನೆತನದಲ್ಲಿ, ಹೆಸರು ಯಶವಂತರಾವ್. 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕ ಹೋದರು. ರಾಜಕೋಟದಲ್ಲಿ ಕೆಲ ವರ್ಷ ಓದಿ, 1890ರಿಂದ 1894ರವರೆಗೆ ನಮ್ಮ ಧಾರವಾಡದಲ್ಲಿ ಕಲಿತರು. ಗುರುಗಳು ಸ್ಟುವರ್ಟ್ ಫ್ರೇಜರ್. ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಪಾಠ ಹೇಳಿದವರು ಇದೇ ಫ್ರೇಜರ್. ರಾಜ್ಯದ ಕಾರಭಾರ ಹೇಗೆ ನಡೆಯುತ್ತದೆ, ಜಮಾಖರ್ಚು ಹೇಗೆ ನೋಡಬೇಕು ಎಂಬುದನ್ನು ಹುಡುಗ ಅರಸ ಧಾರವಾಡದಲ್ಲಿ ಕಲಿತ ಎಂಬುದು ನಮಗೆ ಸ್ವಲ್ಪ ಹೆಮ್ಮೆಯೇ ಸರಿ.

1894ರ ಏಪ್ರಿಲ್ 2ರಂದು ಅಧಿಕಾರ ಕೈಗೆ ಬಂತು. ಕಚೇರಿಯ ಕಾಗದ ತೆಗೆಸಿ ನೋಡಿದರೆ, 71 ಅಧಿಕಾರಿಗಳಲ್ಲಿ 60 ಮಂದಿ ಒಂದೇ ಜಾತಿಯವರು. ರೈತ ಕೊಡುವ ಪಟ್ಟಿ ಎಲ್ಲರದು, ಅದನ್ನು ಬರೆದುಕೊಳ್ಳುವ ಕೈ ಮಾತ್ರ ಕೆಲವರದು. ನೌಕರಿ ಕೊಡಲು ಕಲಿತವರು ಬೇಕಲ್ಲ? ಅದಕ್ಕೆ ವಸತಿಗೃಹಗಳನ್ನು ತೆಗೆಸಿದರು. 1901ರಲ್ಲಿ ಮರಾಠಾ ಮತ್ತು ಜೈನ ಬೋರ್ಡಿಂಗ್, ಆಮೇಲೆ ಮುಸ್ಲಿಂ, ಲಿಂಗಾಯತ ಬೋರ್ಡಿಂಗ್, 1908ರಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್. 1902ರ ಜುಲೈ 26ರಂದು ಖಾಲಿಯಾಗುವ ಹುದ್ದೆಗಳಲ್ಲಿ ನೂರಕ್ಕೆ ಐವತ್ತು ಹಿಂದುಳಿದವರಿಗೆ ಎಂದು ಹುಕುಂ ಹೊರಟಿತು. ಮಹಾರಾಜರು ಆಗ ವಿಲಾಯತಿಯಲ್ಲಿದ್ದರು.

ಇಂದು ಶಾಲೆಯಲ್ಲಿ ಮಕ್ಕಳಿಗೆ ಸರಕಾರದ ಮೂರು ಅಂಗಗಳ ಪಾಠವಿದೆ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಅಂದಿನ ಹಳ್ಳಿಯಲ್ಲಿ ಮೂರಕ್ಕೂ ಮೂರು ಮನೆ ಇರಲಿಲ್ಲ. ಸಾರಾ ವಸೂಲಿ ಪಾಟೀಲನದು, ಕಳ್ಳನನ್ನು ಹಿಡಿಯುವುದೂ ಅವನೇ, ಬಾಂದಿನ ಜಗಳ ಬಿಡಿಸುವುದೂ ಅವನೇ. ಲೆಕ್ಕ ಮಾತ್ರ ಕುಲಕರ್ಣಿಯ ಕೈಯಲ್ಲಿ. ಪಾಟೀಲನಿಗೆ ಓದು ಬಾರದಿದ್ದರೆ ಕುಲಕರ್ಣಿ ಹೇಳಿದ್ದೇ ದಾಖಲೆ. ಶಾಹೂ ಮಹಾರಾಜರು ಪಾಟೀಲರಿಗೆ ಕೆಲಸ ಕಲಿಸುವ ಶಾಲೆಯನ್ನು ಕೊಲ್ಹಾಪುರದಲ್ಲಿ ತೆಗೆದದ್ದು ಇದಕ್ಕೇ. 1918ರಲ್ಲಿ ವಂಶದಿಂದ ಬರುತ್ತಿದ್ದ ಕುಲಕರ್ಣಿಕಿಯನ್ನೇ ರದ್ದುಮಾಡಿ ಸಂಬಳದ ತಲಾಟಿಗಳನ್ನು ನೇಮಿಸಿದರು. ಆ ತಲಾಟಿಗಳಲ್ಲಿ ಮಹಾರ ಸಮಾಜದವರೂ ಇದ್ದರು. ಅಸ್ಪೃಶ್ಯರೆನಿಸಿಕೊಂಡ ಕೆಲವರಿಗೆ ವಕೀಲಿ ಸನದು ಸಹ ಕೊಟ್ಟು ಕೋರ್ಟಿನ ಕಟ್ಟೆ ಹತ್ತಿಸಿದರು. ಇದೆಲ್ಲ ಸುಮ್ಮನೆ ಆಗಲಿಲ್ಲ. ವತನ ಹೋದವರು ಸಿಟ್ಟಾದರು, ಪತ್ರಿಕೆಗಳಲ್ಲಿ ಬೈಗುಳ ಬಂತು. ಉತಾರ ತೆಗೆಸಲು ಅಲೆದಾಡುವ ನಮ್ಮ ರೈತರಿಗೆ ತಲಾಟಿ ಎಂದರೆ ಈಗ ಬೇರೆ ನೆನಪು ಬರಬಹುದು, ಆ ಮಾತು ಬೇರೆ.

ಇನ್ನು 1917ರ ಕಾಯದೆ. ಪ್ರಾಥಮಿಕ ಶಿಕ್ಷಣ ಪುಕ್ಕಟೆ, ಜೊತೆಗೆ ಕಡ್ಡಾಯ. ಸಾಲಿಗೆ ಕಳಿಸದ ತಂದೆತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಅಂದಿನ ಒಂದು ರೂಪಾಯಿ ಕೂಲಿಯವನಿಗೆ ಸಣ್ಣದಲ್ಲ. ಎಮ್ಮಿ ಕಾಯುವ ಹುಡುಗನನ್ನು ಕಳಿಸಿದರೆ ಎಮ್ಮಿ ಯಾರು ಕಾಯಬೇಕು ಎಂಬ ಪ್ರಶ್ನೆಗೆ ಕಾಯದೆಯಲ್ಲಿ ಉತ್ತರವಿರಲಿಲ್ಲ. ಬಡವನ ಮೇಲೆ ದಂಡ ಹಾಕಿ ಅಕ್ಷರ ಕಲಿಸುವುದು ಕಠಿಣವೇ. ಆದರೂ ಅರಸರು ಹಿಂದೆ ಸರಿಯಲಿಲ್ಲ. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡ್ರಬೇಕೆಂದರು.

ಈ ಹಟಕ್ಕೆ ಕಾರಣವನ್ನು ಅವರೇ ತಮ್ಮ ಭಾಷಣದಲ್ಲಿ ತಿಳಿಸಿದ್ದರು. ಪ್ರಜೆಗಳೆಲ್ಲ ಮರಾಠಿ ಮೂರನೇ ಇಯತ್ತೆಯಷ್ಟು ಓದಿದ್ದರೂ ಸಾಕು, ರಾಜ್ಯವನ್ನು ಅವರಿಗೇ ಒಪ್ಪಿಸಿ ತಾವು ನಿವೃತ್ತಿ ಹೊಂದುವುದಾಗಿ ಅವರ ಆಶಯ. ಅರಸನಾದವನು ತನ್ನ ಗಾದಿಗೆ ಇಷ್ಟು ಕಡಿಮೆ ಬೆಲೆ ಕಟ್ಟಿದ್ದು ವಿಶೇಷ. ಮರಾಠಿಯ ಮೂರನೇ ಇಯತ್ತೆ ಎಂದಾಗ, ಅವರದೇ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗ, ಕಟಕೋಳದ ಕನ್ನಡ ಮಂದಿ ಏನು ಅಂದುಕೊಂಡರೋ!

ಒಂದು ಕೊರತೆಯನ್ನು ಹೇಳಲೇಬೇಕು. ಮೈಸೂರಿನಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿತ್ತು, 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಶಾಹೂ ಮಹಾರಾಜರ ಕಾಲದ ಕೊಲ್ಹಾಪುರದಲ್ಲಿ ಅಂಥ ಸಭೆ ಇರಲಿಲ್ಲ. ಹುಕುಂ ಒಳ್ಳೆಯದಾದರೂ ಹುಕುಮೇ. ಅವರ ಪಕ್ಷದ ವಾದ ಇಷ್ಟು: ಓದು ಬರೆಹವಿಲ್ಲದ ಊರಲ್ಲಿ ಸಭೆ ಮಾಡಿದರೆ ಹಳೆಯ ಕುಲಕರ್ಣಿಯೇ ಹೊಸ ಪ್ರತಿನಿಧಿಯಾಗಿ ಬರುತ್ತಾನೆ. ಮೈಸೂರಿನ ಸಭೆಯೂ ಮೊದಮೊದಲು ಜಮೀನುದಾರರು, ವ್ಯಾಪಾರಿಗಳದೇ ಆಗಿತ್ತು ಎಂಬುದನ್ನು ನೆನೆದರೆ ವಾದ ಪೂರಾ ಸುಳ್ಳಲ್ಲ.

1920 ಅವರ ಓಡಾಟದ ವರ್ಷ. ಮಾರ್ಚ್ 21, 22ರಂದು ಹಾತಕಣಂಗಲೆ ತಾಲೂಕಿನ ಮಾಣಗಾವಿಯಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ್ ಅಧ್ಯಕ್ಷತೆಯ ಪರಿಷತ್ತು ಸೇರಿತು. ಮಹಾರಾಜರು ಖುದ್ದಾಗಿ ಬಂದು, ಅಲ್ಲಿ ಸೇರಿದ್ದ ಜನರಿಗೆ ತಮ್ಮವರೇ ಆದ ನಾಯಕ ಸಿಕ್ಕನೆಂದು ಸಂತೋಷಪಟ್ಟರು. ಅಂಬೇಡ್ಕರರ ಮೂಕನಾಯಕ ಪತ್ರಿಕೆಗೆ 2500 ರೂಪಾಯಿ ಕೊಟ್ಟವರೂ ಅವರೇ. ಜುಲೈ ತಿಂಗಳಲ್ಲಿ ಹುಬ್ಬಳ್ಳಿಗೆ ಬಂದು ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು.

1922ರ ಮೇ 6ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗಿನ್ನೂ ನಲವತ್ತೆಂಟು ತುಂಬಿರಲಿಲ್ಲ. 1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು. 1951-52ರ ಮೊದಲ ಚುನಾವಣೆಯಲ್ಲಿ ಜಯಸಿಂಗಪುರದವರೂ ರಾಯಬಾಗದವರೂ ಒಂದೇ ಮುಂಬಯಿ ರಾಜ್ಯದ ಮತದಾರರಾಗಿ ಸಾಲಿನಲ್ಲಿ ನಿಂತರು. ಇಪ್ಪತ್ತೊಂದು ತುಂಬಿದ್ದರೆ ಆಯಿತು, ಎಷ್ಟನೇ ಇಯತ್ತೆ ಎಂದು ಯಾರೂ ಕೇಳಲಿಲ್ಲ.