ಡ್ರಿಲ್ ಮೇಷ್ಟ್ರ ಮನೆಮಾತು

ಕಳೆದ ವಾರ ತೋಡಾರಿನ ಬಸ್ ಸ್ಟಾಪಿನಲ್ಲಿ ಹಳೆಯ ಗೆಳತಿ ಸಿಕ್ಕಿದಳು. ಕಾಲೇಜಿನ ಗೋಡೆಪತ್ರಿಕೆಯಲ್ಲಿ ಅವಳ ಕತೆ ಇಲ್ಲದ ತಿಂಗಳೇ ಇರಲಿಲ್ಲ. ಈಗ ಏಳು ತಿಂಗಳ ಮಗು. ಹೆರಿಗೆ ರಜೆ ಮುಗಿಸಿ ಮಂಗಳೂರಿನ ಕೆಲಸಕ್ಕೆ ಮರಳಿ ಹದಿನೈದು ದಿನವಾಗಿದೆಯಂತೆ. ಏನಾದರೂ ಬರೆಯುತ್ತಿದ್ದೀಯಾ ಎಂದು ಕೇಳಿದೆ. ಅದೆಲ್ಲ ಮುಗಿಯಿತು ಮಾರಾಯ್ತಿ ಎಂದು ನಕ್ಕು ಬಸ್ ಹತ್ತಿದಳು. ಆ ನಗು ಯಾಕೋ ಮನಸ್ಸಿನಿಂದ ಹೋಗಲಿಲ್ಲ. ಆಗ ನೆನಪಾದವರು ನಮ್ಮ ನೆರೆಯ ಊರಿನ ಒಬ್ಬ ಡ್ರಿಲ್ ಮೇಷ್ಟ್ರು.

ಮೂಡುಬಿದಿರೆ ದಾಟಿ ಕಾರ್ಕಳ ತಾಲೂಕಿಗೆ ಹೋದರೆ ನಂದಳಿಕೆ ಸಿಗುತ್ತದೆ. 1870ರ ಜನವರಿ 24ರಂದು ಅಲ್ಲಿ ಹುಟ್ಟಿದ ಹುಡುಗನ ಹೆಸರು ಲಕ್ಷ್ಮೀನಾರಾಯಣ. ತಂದೆ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ನೋಡಲು ಮುದ್ದಾಗಿದ್ದ ಕಾರಣ ಮನೆಯವರು ಕರೆದದ್ದು ಮುದ್ದಣ ಎಂದು. ಆ ಹೆಸರೇ ಮುಂದೆ ಕನ್ನಡ ಸಾಹಿತ್ಯದಲ್ಲಿ ಉಳಿಯಿತು.

ಮನೆಯಲ್ಲಿ ಬಡತನ. ಓದು ಅರ್ಧಕ್ಕೇ ನಿಂತಿತು. ಇವತ್ತಿನ ನಮ್ಮ ಹಾಗೆಯೇ ಅವರಿಗೂ ಮೊದಲು ಬೇಕಾಗಿದ್ದದ್ದು ಒಂದು ಕೆಲಸ. ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಬಂದರು. ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕರಾದರು. ಮೈದಾನದಲ್ಲಿ ಮಕ್ಕಳಿಗೆ ಕಸರತ್ತು ಹೇಳಿಕೊಡುವ ಮೇಷ್ಟ್ರ ತಲೆಯೊಳಗೆ ಹಳಗನ್ನಡ ಕುಣಿಯುತ್ತಿತ್ತು ಎಂದು ಎಷ್ಟು ಜನರಿಗೆ ಗೊತ್ತಿತ್ತೋ! ಯಕ್ಷಗಾನದ ಹುಚ್ಚು ಚಿಕ್ಕಂದಿನಿಂದಲೂ ಇತ್ತು. ರತ್ನಾವತಿ ಕಲ್ಯಾಣ, ಕುಮಾರವಿಜಯ ಎಂಬ ಎರಡು ಪ್ರಸಂಗಗಳನ್ನು ಬರೆದರು.

1893ರಲ್ಲಿ ಮದುವೆ. ಹೆಂಡತಿ ಕಮಲಾಬಾಯಿ, ಘಟ್ಟದ ಮೇಲಿನ ಶಿವಮೊಗ್ಗ ಸೀಮೆಯವರು. ಮುಂದೆ ಗಂಡುಮಗುವೂ ಬಂತು. ಸಂಬಳ ಸಣ್ಣದು, ಸಂಸಾರ ಹೊಸದು. ಬರವಣಿಗೆಗೆ ಸಿಗುತ್ತಿದ್ದದ್ದು ಶಾಲೆಯ ಗಂಟೆಗಳಾಚೆಯ ಹೊತ್ತು ಮಾತ್ರ. ಅಂಥವರು ಬರವಣಿಗೆ ಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರ ಮೂರು ದೊಡ್ಡ ಕೃತಿಗಳು ಮೈಸೂರಿನ ಸಂಪಾದಕರ ಕೈ ಸೇರಿದ್ದು ಮದುವೆಯ ನಂತರದ ಎಂಟು ವರ್ಷಗಳಲ್ಲೇ. ಅದ್ಭುತ ರಾಮಾಯಣ 1895ರಲ್ಲಿ, ಶ್ರೀರಾಮ ಪಟ್ಟಾಭಿಷೇಕ 1896ರಲ್ಲಿ ಅಚ್ಚಾದವು. ಆಮೇಲೆ ಬಂದದ್ದು ಶ್ರೀರಾಮಾಶ್ವಮೇಧ.

ವಿಚಿತ್ರವೆಂದರೆ, ಇವನ್ನು ತಾನೇ ಬರೆದೆನೆಂದು ಮುದ್ದಣ ಹೇಳಿಕೊಳ್ಳಲಿಲ್ಲ. ಯಾವುದೋ ಹಳೆಯ ಕವಿಯ ಕೃತಿ ಎಂಬಂತೆ ಕಳುಹಿಸಿದರು. ಡ್ರಿಲ್ ಮೇಷ್ಟ್ರು ಹಳಗನ್ನಡದಲ್ಲಿ ಬರೆದದ್ದು ಎಂದರೆ ಯಾರು ಮೂಸಿ ನೋಡುತ್ತಾರೆ ಎಂಬ ಸಂಕೋಚವಿತ್ತೇನೋ. ಒಂದು ಲೈಕ್ ಕಡಿಮೆಯಾದರೆ ಮಂಕಾಗುವ ನಮಗೆ, ಹೆಸರೇ ಇಲ್ಲದೆ ಬರೆಯುವುದು ಊಹಿಸಲೂ ಕಷ್ಟ.

ಶ್ರೀರಾಮಾಶ್ವಮೇಧದ ಮುಖ್ಯ ಕತೆ ರಾಮನ ಯಾಗದ ಕುದುರೆಯದು. ಆದರೆ ಇವತ್ತು ಜನರಿಗೆ ನೆನಪಿರುವುದು ಆ ಕುದುರೆಯಲ್ಲ, ಮುದ್ದಣ ಮನೋರಮೆಯರ ಸಲ್ಲಾಪ. ಮಳೆಗಾಲದ ಒಂದು ದಿನ ಗಂಡ ಅರಮನೆಯ ಓಲಗ ಮುಗಿಸಿ ದಣಿದು ಮನೆಗೆ ಬರುತ್ತಾನೆ. ಹೆಂಡತಿ ಉಪಚರಿಸಿ, ಬೇಸರ ಕಳೆಯಲು ಕತೆ ಹೇಳು ಎನ್ನುತ್ತಾಳೆ. ಪದ್ಯ ಬೇಡ, ಗದ್ಯದಲ್ಲೇ ಹೇಳು ಎಂದು ಹಟ ಹಿಡಿಯುತ್ತಾಳೆ. ಬರೀ ಸಂಸ್ಕೃತ ಸುರಿದರೆ ತಡೆಯುತ್ತಾಳೆ, ನಡುನಡುವೆ ಕೆಣಕುತ್ತಾಳೆ. ಮನೋರಮೆಯ ಹಿಂದೆ ಕಮಲಾಬಾಯಿಯೇ ಇದ್ದಾರೆ ಎಂದು ಓದುಗರು ನಂಬಿಕೊಂಡು ಬಂದಿದ್ದಾರೆ. ಕೆಲಸದಿಂದ ಮನೆಗೆ ಬಂದ ದಣಿವು, ಜಗಲಿಯ ಮಾತು, ಹುಸಿಮುನಿಸು ಇವನ್ನೆಲ್ಲ ಬರವಣಿಗೆಗೆ ಅಡ್ಡಿ ಎಂದು ಅವರು ಹೊರಗಿಡಲಿಲ್ಲ. ಪುಸ್ತಕದೊಳಗೇ ಕರೆದು ಕೂರಿಸಿದರು. ಪುಸ್ತಕ ಬದುಕಿದ್ದು ಅದರಿಂದಲೇ.

ಇದು ಸುಖಾಂತ್ಯದ ಕತೆಯೇನೂ ಅಲ್ಲ. ಕ್ಷಯರೋಗ ಮುದ್ದಣರನ್ನು ಹಿಡಿಯಿತು. 1901ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವಯಸ್ಸು ಬರೀ 31. ಮಗ ಇನ್ನೂ ಚಿಕ್ಕವನು. ಆ ಕೃತಿಗಳನ್ನು ಬರೆದವರು ಇವರೇ ಎಂದು ನಾಡಿಗೆ ಖಚಿತವಾಗುವ ಹೊತ್ತಿಗೆ ಅವರು ಹೋಗಿ ಎಷ್ಟೋ ವರ್ಷವಾಗಿತ್ತು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಶಾಲೆಯಿಂದ ಬಂದ ಮುದ್ದಣರಿಗೆ ಬರೆಯಲು ಒಂದಿಷ್ಟು ಹೊತ್ತು ಸಿಕ್ಕಿದ್ದರೆ, ಆ ಹೊತ್ತಿನಲ್ಲಿ ಒಲೆಯ ಮುಂದೆಯೂ ತೊಟ್ಟಿಲ ಬಳಿಯೂ ಯಾರೋ ಇದ್ದರು ಎಂದೇ ಅರ್ಥ. ಕಮಲಾಬಾಯಿಯವರಿಗೂ ಹೇಳಲು ಕತೆಗಳಿದ್ದವೇ ಎಂದು ಯಾರೂ ಕೇಳಿದಂತಿಲ್ಲ. ನನ್ನ ಗೆಳತಿ ಈಗ ಒಬ್ಬಳೇ ಇಬ್ಬರೂ ಆಗಬೇಕಾಗಿದೆ. ಕೆಲಸದಿಂದ ದಣಿದು ಬರುವವಳೂ ಅವಳೇ, ಬಾಗಿಲಲ್ಲಿ ಕಾಯಬೇಕಾದವಳೂ ಅವಳೇ. ಹಾಗಾಗಿ ಮುದ್ದಣನ ಹಾಗೆ ನೀನೂ ಬರೆ ಎಂದಷ್ಟೇ ಹೇಳಿದರೆ ಅನ್ಯಾಯವಾಗುತ್ತದೆ. ಸಂಜೆ ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳುವ ಕೈ ಮನೆಯಲ್ಲಿ ಇನ್ನೊಂದಿರಬೇಕು.

ಆ ಅರ್ಧ ಗಂಟೆ ಸಿಕ್ಕಿದರೆ ಏನು ಬರೆಯುವುದೆಂದು ಅವಳು ಹುಡುಕಬೇಕಾಗಿಲ್ಲ. ಮಗುವಿನ ಅಳು, ಸೀಟು ಸಿಗದ ಬಸ್, ರಾತ್ರಿಯ ನಿದ್ದೆಗೇಡು ಎಲ್ಲವೂ ಅವಳ ಮುಂದೆಯೇ ಇವೆ. ಮುಂದಿನ ಸಲ ಬಸ್ ಸ್ಟಾಪಿನಲ್ಲಿ ಸಿಕ್ಕರೆ ಉಪದೇಶ ಮಾಡುವುದಿಲ್ಲ. ಒಂದು ನೋಟ್‌ಬುಕ್ ಕೊಡುತ್ತೇನೆ. ಭಾನುವಾರ ಮಧ್ಯಾಹ್ನ ಮಗುವನ್ನು ನನ್ನ ಹತ್ತಿರ ಬಿಟ್ಟು ಕೂತು ಬರೆ ಎನ್ನುತ್ತೇನೆ.