ಆಲ್ಫ್ರೆಡ್ ಬೇರಿಂಗ್ ಗ್ಯಾರಡ್

ಸರ್ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್ (೧೩ ಮೇ ೧೮೧೯ – ೨೮ ಡಿಸೆಂಬರ್ ೧೯೦೭) ಇಂಗ್ಲೆಂಡಿನ ವೈದ್ಯರು. ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಾಗಿರುತ್ತದೆ ಎಂಬುದನ್ನು ೧೮೪೮ರಲ್ಲಿ ಪ್ರಯೋಗಮೂಲಕ ತೋರಿಸಿಕೊಟ್ಟವರು ಇವರೇ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ರೋಗನಾಮವನ್ನು ರೂಢಿಗೆ ತಂದವರೂ ಹೌದು.

ಜನನ ಮತ್ತು ವೃತ್ತಿ

ಗ್ಯಾರಡ್ ಇಪ್ಸ್‌ವಿಚ್ ಪಟ್ಟಣದಲ್ಲಿ ಜನಿಸಿದರು. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಕಾಲ ಕೆಲಸ ಕಲಿತು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ೧೮೪೩ರಲ್ಲಿ ಎಂ.ಡಿ. ಪದವಿ ಪಡೆದರು. ಅದೇ ಕಾಲೇಜಿನಲ್ಲಿಯೂ ೧೮೬೩ರಿಂದ ಕಿಂಗ್ಸ್ ಕಾಲೇಜಿನಲ್ಲಿಯೂ ಪ್ರಾಧ್ಯಾಪಕರಾಗಿದ್ದರು. ೧೮೫೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ೧೮೮೭ರಲ್ಲಿ ಸರ್ ಪದವಿಯೂ ದೊರೆತವು.

ಯೂರಿಕ್ ಆಮ್ಲದ ಸಂಶೋಧನೆ

ಸ್ವೀಡನ್ನಿನ ಷೀಲೆ ೧೭೭೬ರಲ್ಲಿ ಮೂತ್ರಕೋಶದ ಕಲ್ಲುಗಳಲ್ಲಿ ಯೂರಿಕ್ ಆಮ್ಲವನ್ನು ಗುರುತಿಸಿದ್ದರು. ೧೭೯೭ರಲ್ಲಿ ವೊಲಾಸ್ಟನ್ ಗೌಟ್ ರೋಗಿಯ ಗಂಟಿನಲ್ಲಿ ಅದರ ಲವಣವನ್ನು ಕಂಡಿದ್ದರು. ಆದರೂ ಈ ರೋಗವನ್ನು ದೇಹದ ದುಷ್ಟರಸಗಳ ಫಲವೆಂದೋ ಸಿರಿವಂತರ ಭೋಗಕ್ಕೆ ತಕ್ಕ ಶಿಕ್ಷೆಯೆಂದೋ ಭಾವಿಸುವುದು ತಪ್ಪಿರಲಿಲ್ಲ. ಗ್ಯಾರಡ್ ನೇರವಾಗಿ ರಕ್ತವನ್ನೇ ಪರೀಕ್ಷಿಸಿದರು.

ಮೊದಲು ಅನುಸರಿಸಿದ ರಾಸಾಯನಿಕ ವಿಶ್ಲೇಷಣೆಗೆ ಬಹಳಷ್ಟು ರಕ್ತ ಬೇಕಾಗುತ್ತಿತ್ತು. ಆದುದರಿಂದ ಅವರು ೧೮೫೪ರಲ್ಲಿ ನೂಲಿನ ಪರೀಕ್ಷೆಯನ್ನು ಪ್ರಕಟಿಸಿದರು. ಅಗಲವಾದ ಗಾಜಿನ ತಟ್ಟೆಯಲ್ಲಿ ಸ್ವಲ್ಪ ರಕ್ತದ್ರವವನ್ನು ಹಾಕಿ, ಅಸಿಟಿಕ್ ಆಮ್ಲ ಬೆರೆಸಿ, ನಾರುಬಟ್ಟೆಯ ಒಂದೆರಡು ಎಳೆಗಳನ್ನು ಅದರಲ್ಲಿ ಮುಳುಗಿಸಿ ಅಲುಗಿಸದೆ ಇಡಬೇಕು. ಒಂದೆರಡು ದಿನಗಳಲ್ಲಿ, ಪಾಕದಲ್ಲಿ ಇಳಿಬಿಟ್ಟ ದಾರಕ್ಕೆ ಕಲ್ಲುಸಕ್ಕರೆ ಕಟ್ಟುವಂತೆ, ಎಳೆಗಳಿಗೆ ಯೂರಿಕ್ ಆಮ್ಲದ ಹರಳುಗಳು ಅಂಟುತ್ತವೆ. ಆರೋಗ್ಯವಂತರ ರಕ್ತದಲ್ಲಿ ಹರಳು ಮೂಡುವುದಿಲ್ಲ. ರಕ್ತದ ಒಂದು ರಾಸಾಯನಿಕವನ್ನು ನೋಡಿ ರೋಗವನ್ನು ನಿರ್ಣಯಿಸುವ ತೀರ ಮೊದಲಿನ ಪರೀಕ್ಷೆಗಳಲ್ಲಿ ಇದೂ ಒಂದು. ಸಾಧನಗಳ ಸರಳತೆಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಗೌಟ್ ಕುರಿತು ೧೮೫೯ರಲ್ಲಿ ಹೊರಬಂದ ಅವರ ಗ್ರಂಥದಲ್ಲಿ ಇನ್ನೂ ದಿಟ್ಟವಾದ ವಾದವಿದೆ. ಕೀಲುಗಳಲ್ಲಿ ಕೂಡಿಕೊಳ್ಳುವ ಯೂರೇಟ್ ಲವಣವು ಉರಿಯೂತದ ಪರಿಣಾಮವಲ್ಲ, ಅದರ ಕಾರಣ ಎಂಬುದೇ ಆ ವಾದ. ಇದನ್ನು ಒಪ್ಪದವರು ಬಹುಕಾಲ ಇದ್ದರು. ೧೯೬೧ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹೊಲಾಂಡರ್ ರೋಗಿಗಳ ಕೀಲುದ್ರವದಲ್ಲಿ ಯೂರೇಟ್ ಹರಳುಗಳನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಗುರುತಿಸಿದರು. ಅನಂತರದ ಪ್ರಯೋಗಗಳಲ್ಲಿ, ಕೀಲಿಗೆ ಚುಚ್ಚಿದ ಹರಳುಗಳಿಂದಲೇ ಉರಿಯೂತ ಹುಟ್ಟುವುದು ಸಿದ್ಧವಾಯಿತು. ಗ್ಯಾರಡ್ ತೀರಿಕೊಂಡು ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು.

ಲಿಥಿಯಂ ಚಿಕಿತ್ಸೆ

ಚಿಕಿತ್ಸೆಯ ವಿಷಯದಲ್ಲಿ ಅವರ ಊಹೆ ಫಲಿಸಲಿಲ್ಲ. ಲಿಥಿಯಂ ದ್ರಾವಣದಲ್ಲಿ ಯೂರೇಟ್ ಸುಲಭವಾಗಿ ಕರಗುವುದನ್ನು ಗಾಜಿನ ಪಾತ್ರೆಯಲ್ಲಿ ಕಂಡ ಗ್ಯಾರಡ್, ರೋಗಿಗಳಿಗೂ ಲಿಥಿಯಂ ಲವಣಗಳನ್ನು ಕೊಡತೊಡಗಿದರು. ದೇಹದೊಳಗೆ ಅಷ್ಟು ಪ್ರಮಾಣದ ಲಿಥಿಯಂ ವಿಷವಾಗುತ್ತದೆಯೇ ಹೊರತು ಹರಳು ಕರಗುವುದಿಲ್ಲ. ವಿಚಿತ್ರವೆಂದರೆ, ೧೯೪೯ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದರೋಗಕ್ಕೆ ಲಿಥಿಯಂ ಮದ್ದಾಗುವುದನ್ನು ಕಂಡುಕೊಂಡದ್ದು ಇದೇ ಲಿಥಿಯಂ ಯೂರೇಟನ್ನು ಗಿನಿಯಿಲಿಗಳಿಗೆ ಚುಚ್ಚಿ ನೋಡುತ್ತಿದ್ದಾಗ.

ಕುಟುಂಬ

೧೮೪೫ರಲ್ಲಿ ಎಲಿಜಬೆತ್ ಆನ್ ಕೋಲ್ಚೆಸ್ಟರ್ ಅವರನ್ನು ವಿವಾಹವಾದರು. ಮಗ ಆಲ್ಫ್ರೆಡ್ ಹೆನ್ರಿ ಪ್ರಾಣಿಶಾಸ್ತ್ರಜ್ಞ. ೧೮೭೯ರಲ್ಲಿಯೇ, ತಂದೆಗಿಂತ ಮೊದಲೇ, ತೀರಿಕೊಂಡರು. ಇನ್ನೊಬ್ಬ ಮಗ ಆರ್ಚಿಬಾಲ್ಡ್, ದೇಹದ ರಾಸಾಯನಿಕ ಕ್ರಿಯೆಗಳಲ್ಲಿನ ದೋಷಗಳು ವಂಶಪಾರಂಪರ್ಯವಾಗಿ ಬರಬಲ್ಲವು ಎಂದು ಆಲ್ಕಾಪ್ಟೊನ್ಯೂರಿಯ ರೋಗದ ಮೂಲಕ ತೋರಿಸಿ ತಂದೆಗಿಂತಲೂ ಪ್ರಸಿದ್ಧರಾದರು. ಆರ್ಚಿಬಾಲ್ಡರ ಮಗಳು, ಪುರಾತತ್ತ್ವಜ್ಞೆ ಡೊರೊಥಿ ಗ್ಯಾರಡ್, ೧೯೩೯ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕರಾಗಿ ಆಯ್ಕೆಯಾದರು.